ತಾಯಮ್ಮನ ಶನಿವಾರಗಳು

ಅದು ಜಾರಬಹುದಿತ್ತು. ಹರಿಯಬಹುದಿತ್ತು. ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದು, ಇದ್ದೂ ಇಲ್ಲದಂತಾಗಬಹುದಿತ್ತು. ಗಂಡ ಕಿತ್ತು ಕೊಟ್ಟಿಗೆಗೆ ಎಸೆಯಬಹುದಿತ್ತು, ಎಸೆದು ಸುಮ್ಮನಾಗದೆ ಕೈ ಎತ್ತಬಹುದಿತ್ತು. ಅತ್ತೆ ರಾಗಿ ಡಬ್ಬದ ತಳದಲ್ಲಿ ಪೊಟ್ಟಣಗಳನ್ನು ಕಂಡು, ಇದೇನು ನೋಡೇ ಎಂದು ಪಕ್ಕದ ಮನೆಗೆ ಹಿಡಿದುಕೊಂಡು ಹೋಗಬಹುದಿತ್ತು. ಮಕ್ಕಳು ಊದಿ ಬಲೂನು ಮಾಡಿ ಗಣೇಶನ ಪೆಂಡಾಲಿಗೆ ಕಟ್ಟಬಹುದಿತ್ತು. ಹಸು ನುಂಗಿ ಹೊಟ್ಟೆ ಉಬ್ಬರಿಸಿ ಸಾಯಬಹುದಿತ್ತು, ಆ ಹಸುವಿನ ಪಾಪ ನನ್ನ ತಲೆಗೆ ಬರಬಹುದಿತ್ತು. ಚನ್ನಪಟ್ಟಣದ ಬಸ್ಸಿನಲ್ಲಿ ನನ್ನ ಚೀಲದ ಜಿಪ್ಪು ಬಿಟ್ಟುಕೊಂಡು ಒಳಗಿನದೆಲ್ಲ ಕಂಡಕ್ಟರನ ಕಾಲ ಬಳಿ ಚೆಲ್ಲಬಹುದಿತ್ತು, ಅವನು ಒಂದೊಂದಾಗಿ ಎತ್ತಿ ಹಿಡಿದು, ಇದು ಯಾರದಮ್ಮಾ ಎಂದು ಕೇಳಬಹುದಿತ್ತು. ನಮ್ಮ ಸಂಸ್ಥೆಯವರು ಮಾಲು ಕಳಿಸುವುದನ್ನೇ ನಿಲ್ಲಿಸಬಹುದಿತ್ತು. ಊರ ಯಜಮಾನರು ಸೇರಿ ನನ್ನನ್ನು ಹಾಲಿನ ಡೈರಿಯ ಕಂಬಕ್ಕೆ ಕಟ್ಟಬಹುದಿತ್ತು. ಕಟ್ಟಿದ ಮೇಲೆ ಮಳೆ ಬರಬಹುದಿತ್ತು. ನನಗೆ ನೆಗಡಿ ಬೇಗ.

ಇದ್ಯಾವುದೂ ಆಗಲಿಲ್ಲ. ಆದರೆ ಆ ಒಂದು ಮಳೆಗಾಲ ಪೂರ್ತಿ ನಾನು ಇವನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಮತ್ತೆ ಅನುಭವಿಸಿ ಮುಗಿಸುತ್ತಿದ್ದೆ. ಕುಕ್ಕರ್ ಕೂಗದಿದ್ದರೆ ಯಾಕೆ ಕೂಗಲಿಲ್ಲವೆಂದು, ಕೂಗಿದರೆ ಯಾಕಿಷ್ಟು ಜೋರಾಗಿ ಕೂಗಿತೆಂದು ಹೆದರುವವಳು ನಾನು ಎಂದು ನನ್ನ ಗಂಡ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದಿದ್ದಾರೆ. ಸುಳ್ಳಲ್ಲ.

ಮೊನ್ನೆ ನಮ್ಮ ಬೀದಿಯ ಚರಂಡಿಗೆ ನಗರಸಭೆಯವರು ಬ್ಲೀಚಿಂಗ್ ಪುಡಿ ಎರಚಿ ಹೋದರು. ಅಕ್ಕಪಕ್ಕದವರೆಲ್ಲ ಮೂಗಿಗೆ ಸೆರಗು ಹಿಡಿದು ಬಾಗಿಲು ಹಾಕಿಕೊಂಡರೆ ನಾನು ಗೇಟಿನ ಬಳಿ ನಿಂತು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಅವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ ಅಕ್ಕೂರಿನ ಒಂದು ರೇಷ್ಮೆ ಹುಳದ ಮನೆಯ ಹೊಸ್ತಿಲಿನ ವಾಸನೆ. ಸಂತೋಷವಾಯಿತು. ಒಳ್ಳೆಯವರಿಗೆ ಆಗುವ ಥರದ ಸಂತೋಷವಲ್ಲ, ನಮಗಾಗದವನು ಎಲ್ಲರೆದುರು ಜಾರಿ ಬಿದ್ದದ್ದನ್ನು ಕಂಡಾಗ ಆಗುತ್ತದಲ್ಲ, ಅದು.

ರಾಮನಗರ ಬೇರೆ ಜಿಲ್ಲೆಯಾದ ಹೊಸತು. ಹಾರೋಹಳ್ಳಿಯ ಕಡೆ ರಾಗಿ ಹೊಲಗಳಿಗೆ ತಂತಿ ಬೇಲಿ ಬಿದ್ದು, ಬೇಲಿಯೊಳಗೆ ಕಾರ್ಖಾನೆಯ ಷೆಡ್ಡುಗಳು ಏಳುತ್ತಿದ್ದ ಕಾಲ. ಮಣ್ಣು ಹೊರುವ ಟಿಪ್ಪರ್‌ಗಳು ಬಂದವು, ಟಿಪ್ಪರ್‌ನವರಿಗಾಗಿ ಹೋಟೆಲು ಬಂತು, ಹೋಟೆಲಿನ ಹಿಂದೆ ಬಾರು, ಬಾರಿನ ಮೇಲೆ ಲಾಡ್ಜು. ಲಾಡ್ಜಿಗೆ ಕೂಗಳತೆಯ ದೂರದಲ್ಲಿ ನಮ್ಮ ಕ್ಲಿನಿಕ್ಕು. ನಾನು ಅಲ್ಲಿ ನರ್ಸು. ಹೆಸರಿಗೆ ಎಲ್ಲ ಥರದ ಕಾಯಿಲೆಯ ಕ್ಲಿನಿಕ್ಕಾದರೂ ಬರುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು, ಹೆಚ್ಚಿನವರ ಕಾಯಿಲೆಯೂ ಒಂದೇ ಜಾಗದ್ದು. ಅವರು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದರು. ಹಾರೋಹಳ್ಳಿಯಲ್ಲಿ ಅಂಟಿಸಿಕೊಂಡದ್ದು ಅಕ್ಕೂರಿನಲ್ಲಿ, ವಿರೂಪಾಕ್ಷಿಪುರದಲ್ಲಿ, ಮನೆ ಬಿಟ್ಟು ಆಚೆ ಹೋಗದ ಹೆಂಗಸರ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅದಕ್ಕೇ ಕ್ಲಿನಿಕ್ಕು ನಡೆಸುತ್ತಿದ್ದ ನಮ್ಮ ಸಂಸ್ಥೆ ಪ್ರತಿ ಬುಧವಾರ ಬೆಳಿಗ್ಗೆ ನನ್ನನ್ನು ಅಕ್ಕೂರಿಗೆ ಕಳಿಸುತ್ತಿತ್ತು. ಡೈರಿಯ ಹಿಂದಿನ ಕೋಣೆಯೇ ನನ್ನ ಆಸ್ಪತ್ರೆ. ಹಾಲು ಹಾಕಲು ಬಂದ ಹೆಂಗಸು ಕ್ಯಾನು ತೊಳೆಯುವ ನೆಪದಲ್ಲಿ ಹಿಂದಕ್ಕೆ ಬಂದು ಹೋದರೆ ಯಾರೂ ಕೇಳುವುದಿಲ್ಲ.

ನನ್ನ ಜೊತೆ ನೂರ್‌ಜಹಾನ್ ಎಂಬ ಹುಡುಗಿ ಬರುತ್ತಿದ್ದಳು, ಚನ್ನಪಟ್ಟಣದ ಬೊಂಬೆ ಮಾಡುವ ಮನೆಯವಳು. ನನಗಿಲ್ಲದ ಧೈರ್ಯವೆಲ್ಲ ಅವಳಲ್ಲಿತ್ತು. ಆ ಮಳೆಗಾಲದ ಶುರುವಿಗೆ ಹೆಂಗಸರ ನಿರೋಧ್ ಎಂಬ ಹೊಸ ಸಾಮಾನು ಪೆಟ್ಟಿಗೆಗಟ್ಟಲೆ ಬಂತು. ಉದ್ದನೆಯ ತೆಳು ಚೀಲ, ಎರಡು ತುದಿಗೂ ಒಂದೊಂದು ಬಳೆ. ಹೆಂಗಸು ಮುಂಚಿತವಾಗಿಯೇ ಒಳಗಿಟ್ಟುಕೊಳ್ಳಬಹುದು, ಗಂಡಸಿನ ಕೈಕಾಲು ಹಿಡಿಯಬೇಕಾಗಿಲ್ಲ, ಕೆಲಸ ಮುಗಿದ ಮೇಲೆ ತೆಗೆದು ಎಸೆದರಾಯಿತು. ಸಾಮಾನು ಬಂತೇ ಹೊರತು ಹೇಗೆ ಇಟ್ಟುಕೊಳ್ಳಬೇಕೆಂದು ತೋರಿಸುವ ಮಾದರಿ ಬರಲಿಲ್ಲ. ನೂರ್‌ಜಹಾನ್ ಅಳತೆ ಹೇಳಿ ತನ್ನ ಅಪ್ಪನ ಹತ್ತಿರ ಮರದಲ್ಲಿ ಒಂದು ಕಡೆಸಿದಳು. ಪೆನ್ನು ಸ್ಟ್ಯಾಂಡು ಎಂದುಕೊಂಡ ಆ ಪುಣ್ಯಾತ್ಮರು ಅದಕ್ಕೆ ಅರಗು ಬಳಿದು, ಹಳದಿ ಮೇಲೆ ಕೆಂಪು ಗೆರೆ ಎಳೆದು, ಆಫೀಸಿನವರಿಗೆ ಇನ್ನೂ ಬೇಕಾದೀತೆಂದು ಎರಡು ಹೆಚ್ಚಿಗೆ ಮಾಡಿ ಕಳಿಸಿದರು. ಒಂದು ಈಗಲೂ ನಮ್ಮ ಮನೆಯ ಮೇಜಿನ ಮೇಲಿದೆ. ನನ್ನ ಗಂಡ ಅದರಲ್ಲಿ ಪೆನ್ನು ಇಡುತ್ತಾರೆ. ನಾನು ಹೇಳಿಲ್ಲ.

ಅಕ್ಕೂರಿನ ಹೆಂಗಸರು ಆ ಚೀಲವನ್ನು ಉಂಗುರ ಎಂದು ಕರೆದರು. ಎಳೇ ಹುಳದ ತಟ್ಟೆಗೆ ಮುಚ್ಚುವ ಮೇಣದ ಕಾಗದದ ಹಾಗೆ ಸದ್ದು ಮಾಡುತ್ತದೆಂದು ನಕ್ಕರು. ಹಲವರು ತೆಗೆದುಕೊಂಡು ಹೋದರು, ಹೆಚ್ಚಿನವರು ಒಂದೆರಡು ಸಲಕ್ಕೇ ಬಿಟ್ಟರು. ಒಬ್ಬಳಿಗೆ ಚುಚ್ಚಿತು, ಒಬ್ಬಳಿಗೆ ನಾಚಿಕೆ, ಒಬ್ಬಳಿಗೆ ಗಂಡನ ಹೊಡೆತ, ಇನ್ನೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಒಂದು ವಾರವೂ ತಪ್ಪಿಸದೆ ಹಿಡಿದುಕೊಂಡವಳು ತಾಯಮ್ಮ. ಬಿಟ್ಟವರೆಲ್ಲ ಆರೋಗ್ಯಕ್ಕೆಂದು ತೆಗೆದುಕೊಂಡವರು. ಅವಳು ಸೇಡಿಗೆ ತೆಗೆದುಕೊಂಡಿದ್ದಳು.

ತಾಯಮ್ಮನಿಗೆ ಆಗ ಮೂವತ್ತೈದರ ಆಸುಪಾಸು. ಸಣ್ಣ ಆಳು, ದೊಡ್ಡ ಕೈ. ಅವಳ ಕೈಯಲ್ಲಿ ರೇಷ್ಮೆ ಹುಳ ಕೆಡುವುದಿಲ್ಲ ಎಂದು ಊರಲ್ಲಿ ಹೆಸರಿತ್ತು. ಗಂಡ ಕೆಂಪರಾಜು ಹಾರೋಹಳ್ಳಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು ನಾಲ್ಕು ಟಿಪ್ಪರ್‌ಗಳ ಮೇಸ್ತ್ರಿಯಾಗಿದ್ದ. ಶನಿವಾರ ಸಂಜೆ ಮೋಟಾರ್ ಬೈಕಿನಲ್ಲಿ ಬರುವುದು, ಸೋಮವಾರ ಬೆಳಿಗ್ಗೆ ಹೋಗುವುದು. ಬಂದು ಹೋದ ಕೆಲವು ದಿನಕ್ಕೆ ತಾಯಮ್ಮ ಕಿಬ್ಬೊಟ್ಟೆ ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಿದ್ದಳು. ಔಷಧಿ ಕೊಟ್ಟರೆ ವಾಸಿಯಾಗುತ್ತಿತ್ತು, ಅವನು ಬಂದರೆ ಮರುಕಳಿಸುತ್ತಿತ್ತು. ಇಬ್ಬರೂ ಮಾತ್ರೆ ತೆಗೆದುಕೊಳ್ಳಬೇಕೆಂದು ಹೇಳಿ ಅವನ ಪಾಲಿನದನ್ನು ಅವಳ ಕೈಯಲ್ಲಿ ಕಳಿಸಿದರೆ, ನಂಗ್ಯಾಕೆ ಮಾತ್ರೆ, ಕಾಯ್ಲೆ ಇರಾದು ಅವ್ಳ್ಗೆ ಎಂದು ತಿಪ್ಪೆಗೆಸೆದನಂತೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಊರಲ್ಲಿ ಹತ್ತಾರು ಗಂಡಸರಲ್ಲಿ ಅವನೊಬ್ಬನಾಗಿ ಉಳಿದುಬಿಡುತ್ತಿದ್ದ. ಅವನು ಡೈರಿಯ ಜಗಲಿಯ ಮೇಲೆ ಕೂತು, ವಾರವೆಲ್ಲ ನಾವಿಲ್ಲದಾಗ ಮನೆಯಲ್ಲಿ ಏನು ನಡೆಯುತ್ತದೋ ಯಾರಿಗೆ ಗೊತ್ತು, ಹೆಂಡತಿ ಎಲ್ಲಿಂದಲೋ ಕಾಯಿಲೆ ತಂದುಕೊಂಡಿದ್ದಾಳೆ ಎಂದು ನಾಲ್ಕು ಜನರಿಗೆ ಕೇಳುವಂತೆ ಆಡಿದ. ಆ ಮಾತು ಅವನ ತಾಯಿ ಸಣ್ಣಮ್ಮನ ಕಿವಿಗೆ ಬಿತ್ತು. ಸಣ್ಣಮ್ಮನದು ಕಟ್ಟುನಿಟ್ಟಿನ ಹುಳದ ಮನೆ. ಬೀಡಿ ಸೇದಿದವನು ಒಳಗೆ ಬರುವಂತಿಲ್ಲ, ಮುಖಕ್ಕೆ ಪೌಡರ್ ಹಾಕಿದವಳು ಬರುವಂತಿಲ್ಲ, ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಾಟನ್ನು ತುಳಿಯದೆ ದೇವರೇ ಬಂದರೂ ಆಚೆಗೆ. ಮೈಯಲ್ಲಿ ಕಾಯಿಲೆ ಇದ್ದವರ ನೆರಳು ಬಿದ್ದರೂ ಹುಳಕ್ಕೆ ಹಾಲುರೋಗ ಬರುತ್ತದೆಂಬುದು ಅವಳ ನಂಬಿಕೆ. ಮಾರನೆಯ ದಿನದಿಂದ ತಾಯಮ್ಮ ಹುಳದ ಮನೆಗೆ ಕಾಲಿಡುವಂತಿಲ್ಲ ಎಂದಾಯಿತು. ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹೊಸ್ತಿಲಾಚೆ ಇಟ್ಟು ಹೋಗಬೇಕು. ಗಂಡನ ಬಟ್ಟೆಯನ್ನೂ ಅವಳು ಮುಟ್ಟುವಂತಿಲ್ಲ, ಬಟ್ಟೆಯಿಂದ ಮಗನಿಗೆ ಹತ್ತಿದರೆ? ಅದನ್ನು ಸಣ್ಣಮ್ಮ ತಾನೇ ಒಗೆಯತೊಡಗಿದಳು. ಮುದ್ದೆ ಕಟ್ಟುವುದಕ್ಕೆ ಮಾತ್ರ ತಾಯಮ್ಮನ ಕೈಗೆ ಮೈಲಿಗೆ ಇರಲಿಲ್ಲ.

ಕಿಬ್ಬೊಟ್ಟೆಯ ನೋವನ್ನು ಅವಳು ನಗುತ್ತ ಹೇಳುತ್ತಿದ್ದಳು. ಇದನ್ನು ಹೇಳುವಾಗ ಅತ್ತಳು. ಹುಳ ಅವಳ ಕೈಯಿಂದ ಹೋಗಿತ್ತು, ಜೊತೆಗೆ ಮಾನವೂ ಹೋಗಿತ್ತು, ಹೋದದ್ದು ಸುಳ್ಳಿನಿಂದ.

ನನಗೂ ಅವನ ಮೇಲೆ ಒಂದು ಲೆಕ್ಕ ಬಾಕಿಯಿತ್ತು. ಕ್ಲಿನಿಕ್ಕಿಗೆ ಬಾರಪ್ಪ, ಪರೀಕ್ಷೆ ಮಾಡಿಸಿಕೋ ಎಂದು ಹೇಳಲೆಂದೇ ಒಂದು ಭಾನುವಾರ ಅಕ್ಕೂರಿಗೆ ಹೋಗಿದ್ದೆ. ಡೈರಿಯ ಮುಂದೆ ಜನ ಇದ್ದರು. ಅವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ತುಂಬ ವಿನಯದಿಂದ, "ಅದ್ಸರಿ ಸಿಸ್ಟ್ರೇ, ನಿಮ್ ಯಜಮಾನ್ರು ದಿನಾ ಎಷ್ಟು ನುಂಗ್ತಾರೆ ಈ ಮಾತ್ರೆಯ?" ಎಂದ. ಜಗಲಿ ಇಡೀ ನಕ್ಕಿತು. ಸರಿಯಾದ ಉತ್ತರ ಹೊಳೆಯುವ ಹೊತ್ತಿಗೆ ಬಸ್ಸು ಚನ್ನಪಟ್ಟಣ ಮುಟ್ಟಿತ್ತು. ಅದಕ್ಕಿಂತ ಒಳ್ಳೆಯ ಉತ್ತರಗಳು ಈಗಲೂ ಪಾತ್ರೆ ತೊಳೆಯುವಾಗ ಹೊಳೆಯುತ್ತಿರುತ್ತವೆ. ಚಿಂತೆ ಮಾಡುವವರ ನೆನಪಿನ ಶಕ್ತಿ ಚೆನ್ನಾಗಿರುತ್ತದೆ.

ಉಂಗುರವನ್ನು ಹೇಗಿಟ್ಟುಕೊಳ್ಳಬೇಕೆಂದು ನೂರ್‌ಜಹಾನ್ ಆ ಬಣ್ಣದ ಮಾದರಿಯಲ್ಲಿ ತೋರಿಸಿದ ದಿನ ತಾಯಮ್ಮ ನಗಲಿಲ್ಲ. ಎಲ್ಲರೂ ಹೋದ ಮೇಲೆ ಕ್ಯಾನು ಹಿಡಿದು ನಿಂತೇ ಇದ್ದಳು. ಗಂಡ ಕೇಳಿದರೆ ಏನು ಹೇಳುತ್ತೀಯ ಎಂದು ನಾನು ಕೇಳಿದೆ.

"ಕಾಯ್ಲೆ ನಂದೇ ಅಂತ ಆವಯ್ಯನೇ ಊರ್ಗೆಲ್ಲ ಸಾರವ್ನಲ್ಲ ಸಿಸ್ಟ್ರೇ. ಆಗ್ಲಿ, ನಂದೇಯ. ನನ್ ಕಾಯ್ಲೆ ನಿಮ್ಗೆ ಹತ್ಬಾರ್ದು, ಅದ್ಕೇ ಡಾಕ್ಟ್ರು ಇದ ಕೊಟ್ಟವ್ರೆ ಅಂತೀನಿ. ಬ್ಯಾಡ ಅನ್ನಾಕೆ ಬಾಯಿ ಎಲ್ಲೈತೆ?"

ನಾನೂ ನೂರ್‌ಜಹಾನೂ ಮುಖ ಮುಖ ನೋಡಿಕೊಂಡೆವು. ಬೇಡ ಎಂದರೆ, ಕಾಯಿಲೆ ನಿನ್ನದಲ್ಲ ಎಂದು ಅವನೇ ಒಪ್ಪಿದಂತೆ. ಒಪ್ಪಿಕೊಂಡರೆ ಅವಳು ಉಳಿದಂತೆ. ಅವನ ಸುಳ್ಳನ್ನೇ ಹಗ್ಗ ಮಾಡಿ ಅವನನ್ನು ಕಟ್ಟಿಹಾಕಿದ್ದಳು.

"ನಾನು ನೆಟ್ಗಿರ್ತೀನಿ. ಆವಯ್ಯಂಗೆ ಅಲ್ಲಿಂದ ಬರಾದು ಬತ್ತಾನೇ ಇರ್ತದೆ. ಒಂದಿನ ಊರೇ ನೋಡ್ತದೆ, ಯಾರ್ದು ಕಾಯ್ಲೆ ಅಂತ," ಎಂದು ಕ್ಯಾನಿನ ಮುಚ್ಚಳ ಹಾಕಿದಳು. "ಅಲ್ಲೀಗಂಟ ಒಂದ್ ದಿನಾನೂ ತಪ್ಪಾಕಿಲ್ಲ ನಾನು."

ಒಬ್ಬ ನರ್ಸು ಆಗ ಹೇಳಬೇಕಾದ್ದು, ಸೇಡಿನ ಮಾತು ಬೇಡ ತಾಯಮ್ಮ, ಆರೋಗ್ಯ ಮುಖ್ಯ, ಎಂದು. ನಾನು ಅವಳ ಚೀಲಕ್ಕೆ ಎರಡು ಪೊಟ್ಟಣ ಹೆಚ್ಚಿಗೆ ಹಾಕಿದೆ.

ಮುಂದಿನ ಬುಧವಾರ ಅವಳು ಕಾಲು ಅಗಲಿಸಿಕೊಂಡು ನಡೆದು ಬಂದಳು. ಉರಿ, ಕೆಂಪು. ಸಾಮಾನೇ ಕೆಟ್ಟದ್ದೇನೋ, ಇಡೀ ಪೆಟ್ಟಿಗೆ ವಾಪಸ್ಸು ಕಳಿಸಬೇಕೇನೋ, ನನ್ನ ಕೆಲಸ ಹೋಗುತ್ತದೇನೋ. ಕೇಳಿ ಕೇಳಿ ಕೊನೆಗೆ ತಿಳಿಯಿತು: ಅವಳು ಪೊಟ್ಟಣ ಬಿಚ್ಚಿ, ಉಂಗುರವನ್ನು ಬ್ಲೀಚಿಂಗ್ ನೀರಿಗೆ ಅದ್ದಿ, ನೆರಳಿನಲ್ಲಿ ಆರಿಸಿ, ಆಮೇಲೆ ಇಟ್ಟುಕೊಂಡಿದ್ದಳು.

"ಆಚೆಯಿಂದ ಬಂದದ್ದ ಹಂಗೇ ಹೆಂಗೆ ಒಳೀಕ್ ಬುಡಾದು ಸಿಸ್ಟ್ರೇ?" ಎಂದು ನನ್ನನ್ನೇ ಕೇಳಿದಳು, ಹುಳ ಸಾಕುವುದು ತಿಳಿಯದವಳಿಗೆ ಹೇಳುವ ಹಾಗೆ.

ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ ಎಂದು ಸಂಸ್ಥೆಯವರು ನಮಗೆ ಕಲಿಸಿದ್ದ ಉದ್ದನೆಯ ಪಾಠದಲ್ಲಿ ಇದು ಇರಲಿಲ್ಲ. ತಟ್ಟೆ, ಬಲೆ, ಸೊಪ್ಪು ಕತ್ತರಿಸುವ ಹಲಗೆ, ಮನುಷ್ಯರ ಪಾದ, ಎಲ್ಲವನ್ನೂ ಬ್ಲೀಚಿಂಗಿನಲ್ಲಿ ಅದ್ದದೆ ಒಳಗೆ ಬಿಡದ ಊರು ಅದು. ತೊಳೆದುಕೊಳ್ಳಲು ಹೇಳಿ, ಮುಲಾಮು ಕೊಟ್ಟು, ಆ ಶನಿವಾರ ಜ್ವರವೆಂದು ಕಂಬಳಿ ಹೊದ್ದು ಮಲಗಿಬಿಡು ಎಂದೆ. ಮಲಗಿದಳು. ಸಣ್ಣಮ್ಮ ಸೊಸೆಯ ಜ್ವರಕ್ಕೆ ಕಷಾಯ ಕಾಯಿಸಿ ಬಾಗಿಲ ಬಳಿ ಇಟ್ಟಳಂತೆ. ಆ ಮುದುಕಿಯನ್ನು ಪೂರ್ತಿಯಾಗಿ ದ್ವೇಷಿಸಲು ನನಗೆ ಆಗಲೇ ತೊಂದರೆ ಶುರುವಾಗಿತ್ತು.

ಆಮೇಲೆ ತಪ್ಪಲಿಲ್ಲ. ಶನಿವಾರ ಸಂಜೆ ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬಂದದ್ದೇ ಅವಳು ರಾಗಿ ಡಬ್ಬಕ್ಕೆ ಕೈ ಹಾಕುತ್ತಿದ್ದಳು. ಹಾಲು, ಆಮೇಲೆ ಉಂಗುರ, ಆಮೇಲೆ ಮುದ್ದೆಗೆ ಎಸರು. ಮೊದಲ ಸಲ ಗಂಡ, ಇದೇನೇ ಗರಗರ ಸದ್ದು, ಎಂದನಂತೆ. ಅವಳು ಹೇಳಬೇಕಾದ್ದನ್ನು ಹೇಳಿದಳು. ಅವನು, ಡಾಕ್ಟ್ರು ಹೇಳಿದ್ ಮ್ಯಾಲೆ ಸರಿ, ಎಂದನಂತೆ. ಇದನ್ನು ಕೇಳಿ ನೂರ್‌ಜಹಾನ್ ಡೈರಿಯ ಕ್ಯಾನಿನ ಹಿಂದೆ ಕೂತು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಹುಳ ದೊಡ್ಡದಾಗಿ ಸೊಪ್ಪು ಮೇಯುವಾಗ ಮನೆಯೆಲ್ಲ ಮಳೆ ಹೊಯ್ದಂತೆ ಸದ್ದಾಗುತ್ತದೆ. ಆ ದಿನಗಳಲ್ಲಿ ಗರಗರವೂ ಕೇಳುತ್ತಿರಲಿಲ್ಲವಂತೆ.

ಬುಧವಾರ ಹಾಲಿನ ಸಾಲಿನಲ್ಲಿ ನಿಂತವಳನ್ನು ನಾನು ಕೇಳುತ್ತಿದ್ದದ್ದು ಒಂದೇ ಮಾತು: ಶನಿವಾರ ಆಯಿತಾ? ಅವಳದೂ ಒಂದೇ: ಆಯ್ತು. ಮಳೆ ಹಿಡಿದು ಸೊಪ್ಪು ಒದ್ದೆಯಾಗಿ, ಒದ್ದೆ ಸೊಪ್ಪನ್ನು ಒರೆಸಿ ಒರೆಸಿ ಊರ ಹೆಂಗಸರ ಕೈ ಮರಗಟ್ಟಿದ ವಾರಗಳಲ್ಲೂ ಆಯ್ತು. ಗೌರಿ ಹಬ್ಬಕ್ಕೆ ತವರಿನವರು ಬಂದು ಮನೆ ತುಂಬಿದ್ದಾಗಲೂ ಆಯ್ತು. ಅವಳ ಹೊಟ್ಟೆನೋವು ಹೋಯಿತು, ಮುಖಕ್ಕೆ ಬಣ್ಣ ಬಂತು. ಡಾಕ್ಟರು ಪರೀಕ್ಷಿಸಿ ಏನೂ ಇಲ್ಲ, ಪೂರ್ತಿ ವಾಸಿ ಎಂದರು. ಅತ್ತೆಗೆ ನಾನೇ ಬಂದು ಹೇಳಲೇ ಎಂದರೆ ಬೇಡ ಎಂದಳು. ಹೇಳಿದರೆ ನಂಬುವುದಿಲ್ಲ, ನೋಡಲಿ, ಎಂದಳು. ಹೊಸ್ತಿಲಾಚೆ ಸೊಪ್ಪು ಇಟ್ಟು, ಒಳಗೆ ಅತ್ತೆಯ ಕೈಯಲ್ಲಿ ಹುಳ ಮೇಯುವ ಸದ್ದು ಕೇಳಿಕೊಂಡು ವಾಪಸ್ಸು ಹೋಗುತ್ತಿದ್ದಳು.

ಕೆಂಪರಾಜು ಬೈಕು ಬಿಟ್ಟು ಬಸ್ಸಿನಲ್ಲಿ ಬರತೊಡಗಿದ್ದಾನೆ, ಅದೂ ನಿಂತುಕೊಂಡೇ ಎಂದು ನೂರ್‌ಜಹಾನ್ ಸುದ್ದಿ ತಂದಾಗ ನಾನು ಮನೆಯಲ್ಲಿ ಪಾಯಸ ಮಾಡಿದೆ. ಏನು ವಿಶೇಷ ಎಂದರು ನನ್ನ ಗಂಡ. ಹಾಲು ಹೆಚ್ಚಾಗಿತ್ತು ಎಂದೆ.

ಮಳೆಗಾಲದ ಕೊನೆಯ ಬೆಳೆ. "ಹುಳ ಹಣ್ಣಾಗೈತೆ, ನೋಡಾಕ್ ಬನ್ನಿ" ಎಂದು ತಾಯಮ್ಮ ಆ ಬುಧವಾರ ನನ್ನನ್ನು ಕರೆದುಕೊಂಡು ಹೋದಳು. ಹುಳ ಹಣ್ಣಾಗುವುದೆಂದರೆ ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ತಲೆಯೆತ್ತಿ ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಕಸಕಡ್ಡಿಯಲ್ಲೇ ನೂಲು ಬಿಟ್ಟು ಬೆಳೆ ಹಾಳು. ಅವತ್ತು ಸೆಖೆಗೋ ಏನೋ ಎಲ್ಲ ಒಟ್ಟಿಗೇ ಹಣ್ಣಾಗಿದ್ದವು. ನೆರೆಹೊರೆಯವರೆಲ್ಲ ಮುಯ್ಯಾಳಾಗಿ ಬಂದಿದ್ದರು. ಇವತ್ತು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು. ನಾನು ಬ್ಲೀಚಿಂಗ್ ಗೋಣಿ ತುಳಿದು, ತಲೆಗೆ ಹಾಕಿದ್ದ ಎಣ್ಣೆಯ ವಾಸನೆಗೆ ಹುಳ ಸತ್ತರೇನು ಗತಿ ಎಂದು ಉಸಿರು ಬಿಗಿಹಿಡಿದು ಬಾಗಿಲ ಬಳಿಯೇ ನಿಂತೆ. ತಾಯಮ್ಮ ಹೊಸ್ತಿಲಾಚೆ ನಿಂತು ಚಂದ್ರಿಕೆಗಳನ್ನು ಒಳಕ್ಕೆ ಕೊಡುತ್ತಿದ್ದಳು.

ಕೈ ಸಾಲಲಿಲ್ಲ. ವಾರದ ಮಧ್ಯವಾದರೂ ಕೆಂಪರಾಜು ಊರಲ್ಲಿದ್ದ. ಕೆಲಸಕ್ಕೆ ಹೋಗಲಾಗದೆ ಎರಡು ದಿನದಿಂದ ಜಗಲಿಯಲ್ಲಿ ಒರಗಿದ್ದನಂತೆ. ಯಾರೋ ಕರೆದರು. ಬಂದ. ಎರಡು ತೊಡೆಗಳ ನಡುವೆ ತೆಂಗಿನಕಾಯಿ ಇಟ್ಟುಕೊಂಡವನ ಹಾಗೆ ಬಂದ. ಎಲ್ಲರೂ ಕುಕ್ಕರಗಾಲಲ್ಲಿ ಕೂತು ತಟ್ಟೆಯಿಂದ ಹುಳ ಆರಿಸುತ್ತಿದ್ದರು, ಅವನು ನಿಂತ.

"ಕುಂತ್ಕಳ್ಲಾ," ಎಂದ ಪಕ್ಕದ ಮನೆಯ ಗೌಡ.

"ಸೊಂಟ ಹಿಡ್ಕಂಡೈತೆ ಕಣಣ್ಣ."

"ಸೊಂಟ ಹಿಡ್ಕಂಡ್ರೆ ಹಿಂಗ್ ನಡೀತಾರೇನ್ಲಾ? ಹೊಸ ಎತ್ತಿಗೆ ಲಾಳ ಕಟ್ದಂಗೆ?"

ಒಂದಿಬ್ಬರು ಕಿಸಕ್ಕೆಂದರು. ಸಣ್ಣಮ್ಮ ಹುಳ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. ಅವನು ಹಲ್ಲು ಕಚ್ಚಿ ಅರ್ಧ ಬಗ್ಗಿದ, ಮತ್ತೆ ನೆಟ್ಟಗಾದ, ತಟ್ಟೆಯ ಕಡೆಗೆ ಕೈ ಚಾಚಿದ. ಆಗ ಸಣ್ಣಮ್ಮ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ಹುಳ ಮುಟ್ಬ್ಯಾಡ. ಆಚೀಕ್ ನಡಿ."

"ಯಾಕವ್ವ?"

"ಯಾಕಾ? ನಿನ್ ಪಂಚೆ ಒಗೀತಿರೋಳು ನಾನು ಕಣ್ಲಾ."

ಅಷ್ಟೇ. ದನಿ ಕೂಡ ಏರಿಸಲಿಲ್ಲ. ತಟ್ಟೆಯ ಸುತ್ತ ಕೂತವರ ಕೈಗಳು ಗಳಿಗೆ ಹೊತ್ತು ನಿಂತವು, ಆಮೇಲೆ ಮೊದಲಿಗಿಂತ ಬೇಗಬೇಗ ಓಡಾಡಿದವು. ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಸೊಸೆಯ ಕಾಯಿಲೆ ತಗಲೀತೆಂದು ಮಗನ ಬಟ್ಟೆಯನ್ನು ಬೇರೆ ಮಾಡಿದ ತಾಯಿ, ವಾರ ವಾರ ಆ ಪಂಚೆಗಳ ಕಲೆಯನ್ನು ತಾನೇ ಉಜ್ಜಿದ್ದಳು. ಉಜ್ಜುತ್ತ, ಎದುರಿಗೆ ಹೂವಿನ ಹಾಗೆ ಓಡಾಡುವ ಸೊಸೆಯನ್ನೂ ನೋಡಿದ್ದಳು. ಎಷ್ಟು ದಿನದಿಂದ ಗೊತ್ತಿತ್ತೋ, ಹೇಳಲಾಗದೆ ಎಷ್ಟು ನುಂಗಿದ್ದಳೋ.

ಅವನು ಹೊಸ್ತಿಲು ದಾಟಿ ಆಚೆ ಹೋದ. ಸಣ್ಣಮ್ಮ ಬಾಗಿಲ ಕಡೆಗೆ ತಿರುಗಿದಳು.

"ನೀನ್ಯಾಕ್ ಅಲ್ಲಿ ನಿಂತಿದ್ದೀಯೆ? ಕಾಲ್ ತೊಳ್ಕಂಡ್ ಒಳೀಕ್ ಬಾರಮ್ಮಿ. ಹುಳ ಎಲ್ಲ ಹಾಳಾಯ್ತಾವೆ."

ತಪ್ಪಾಯಿತು ಎನ್ನಲಿಲ್ಲ. ತಾಯಮ್ಮ ಅದನ್ನು ಕಾಯಲೂ ಇಲ್ಲ. ಗೋಣಿ ತುಳಿದು ಬಂದು ಅತ್ತೆಯ ಪಕ್ಕ ಕೂತು ಎರಡೂ ಕೈಯಲ್ಲಿ ಹುಳ ಆರಿಸತೊಡಗಿದಳು. ಆ ದೊಡ್ಡ ಕೈಗಳು ಅಷ್ಟು ಬೇಗ, ಅಷ್ಟು ಮೆತ್ತಗೆ ಓಡಾಡುವುದನ್ನು ನಾನು ಮೊದಲ ಸಲ ನೋಡಿದ್ದು. ನಡುವೆ ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ನಗಲಿಲ್ಲ, ಹುಬ್ಬು ಮಾತ್ರ ಎತ್ತಿದಳು. ನಾನು ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಸೀಟಿನವಳು ಎದ್ದು ಬೇರೆ ಕಡೆ ಕೂತಳು.

ಮೂರನೆಯ ದಿನ ಅವನು ಹಾರೋಹಳ್ಳಿಯ ಕ್ಲಿನಿಕ್ಕಿಗೆ ಬಂದ. ಎಲ್ಲಿಂದ ಹತ್ತಿತೋ ಗೊತ್ತಿಲ್ಲ ಎಂದ. ಹೆಂಡತಿಯಿಂದ ಎಂದು ಅವತ್ತು ಹೇಳಲಿಲ್ಲ. ಒಬ್ಬರ ವಿಷಯವನ್ನು ಇನ್ನೊಬ್ಬರಿಗೆ ಹೇಳಬಾರದೆಂಬುದು ನಮ್ಮ ಕೆಲಸದ ನಿಯಮ. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿ ನಾನು ನಿಯಮದಂತೆ ನಡೆದೆ. ಡಾಕ್ಟರು ಮಾತ್ರೆ ಬರೆದರು, ಜೊತೆಗೆ ಸೂಜಿ. ಆ ಔಷಧಿ ಮಂದ, ಅದಕ್ಕೆ ದಪ್ಪ ಸೂಜಿಯೇ ಬೇಕು, ಕುಂಡೆಯ ಮಾಂಸಖಂಡಕ್ಕೆ ಆಳವಾಗಿಯೇ ಕೊಡಬೇಕು, ಬಹಳ ನಿಧಾನವಾಗಿ ಬಿಡಬೇಕು. ಇದೆಲ್ಲ ನಾನು ಮಾಡಿದ ನಿಯಮಗಳಲ್ಲ. ಅವನು ಮೇಜಿನ ಅಂಚು ಹಿಡಿದು, "ಒಸಿ ನಿಧಾನ ಸಿಸ್ಟ್ರೇ," ಎಂದ.

"ನಿಧಾನವಾಗಿಯೇ ಕೊಡ್ತಿದೀನಿ," ಎಂದೆ.

ನನ್ನ ಇಡೀ ನೌಕರಿಯಲ್ಲಿ ಅಷ್ಟು ಅಚ್ಚುಕಟ್ಟಾದ ಇಂಜೆಕ್ಷನ್ನನ್ನು ನಾನು ಇನ್ನೊಬ್ಬರಿಗೆ ಕೊಟ್ಟಿಲ್ಲ. ಮಾತ್ರೆಗಳನ್ನು ಲಕೋಟೆಗೆ ಹಾಕಿ, ಗುಣವಾದಂತೆ ಕಂಡರೂ ಪೂರ್ತಿ ಮುಗಿಸಬೇಕು, ಮುಗಿಯುವವರೆಗೆ ಹೆಂಡತಿಯಿಂದ ದೂರ, ಆಮೇಲೂ ಎಚ್ಚರಿಕೆ, ಎಂದೆ. ತಲೆ ತಗ್ಗಿಸಿ ಹೂಂಗುಟ್ಟಿದ. ಜಗಲಿಯ ಮೇಲೆ ನಕ್ಕವರೆಲ್ಲ ಬಂದು ನೋಡಬೇಕಿತ್ತು ಎನ್ನಿಸಿತು.

ಆ ಬೆಳೆಯ ಗೂಡು ಚೆನ್ನಾಗಿ ಬಂತು. ರಾಮನಗರದ ಮಾರುಕಟ್ಟೆಗೆ ಹೋಗುವಾಗ ಸಣ್ಣಮ್ಮ ಸೊಸೆಯನ್ನೇ ಜೊತೆಗೆ ಕರೆದುಕೊಂಡು ಹೋದಳಂತೆ. ಹುಳದ ಮನೆಯ ಬೀಗದ ಕೈ ತಾಯಮ್ಮನ ಸೊಂಟಕ್ಕೆ ಬಂತು. ಬಿಟ್ಟುಹೋಗಿದ್ದ ಹೆಂಗಸರಲ್ಲಿ ಕೆಲವರು ಮತ್ತೆ ಡೈರಿಯ ಹಿಂದಕ್ಕೆ ಬಂದು, ಆ ಉಂಗುರ ಇನ್ನೂ ಐತಾ ಸಿಸ್ಟ್ರೇ ಎಂದು ಕೇಳಿದರು. ತಾಯಮ್ಮ ಅವರಿಗೆ ತಾನೇ ಹೇಳಿಕೊಡುತ್ತಿದ್ದಳು, ಬ್ಲೀಚಿಂಗ್ ಬೇಡ ಎಂಬುದನ್ನೂ ಸೇರಿಸಿ. ನನ್ನ ಶನಿವಾರ ಆಯಿತಾ ಎಂಬ ಪ್ರಶ್ನೆ ಈಗ ಸುಮ್ಮನೆ ಅಭ್ಯಾಸಕ್ಕೆ ಕೇಳುವಂಥದ್ದಾಗಿತ್ತು.

ಮಳೆ ಪೂರ್ತಿ ನಿಂತು ಬೆಳಗಿನ ಚಳಿ ಶುರುವಾಗಿದ್ದ ಒಂದು ಬುಧವಾರ ಅವಳು ಕ್ಯಾನಿಲ್ಲದೆ ಬಂದಳು. ಬಂದವಳು ಕೋಣೆಯ ಬೆಂಚಿನ ಮೇಲೆ ಕೂತು ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. ಆ ಅಂಗೈ ಇಡುವ ರೀತಿ ನನಗೆ ಗೊತ್ತಿತ್ತು. ಕೆಂಪರಾಜು ಮಾತ್ರೆ ಅರ್ಧ ಮುಗಿಯುತ್ತಲೇ ವಾಸಿಯಾಯಿತೆಂದು ನಿಲ್ಲಿಸಿದ್ದು, ಸೊಳ್ಳೆಬತ್ತಿಯ ಡಬ್ಬಿಯಲ್ಲಿ ಉಳಿದ ಮಾತ್ರೆಗಳು ಸಿಕ್ಕಿದ್ದು, ಎಲ್ಲ ಹೇಳಿದಳು. ಆದರೇನು, ಅವನು ನಿಲ್ಲಿಸಲಿ, ಕುಣಿಯಲಿ, ಇವಳಿಗೆ ಹೇಗೆ ಬಂತು? ಉಂಗುರ ಜಾರಿತೇ, ಹರಿಯಿತೇ, ಪಕ್ಕಕ್ಕೆ ಸರಿಯಿತೇ ಎಂದು ನನಗೆ ತಿಳಿದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದಳು. ನೂರ್‌ಜಹಾನ್ ಮೆಲ್ಲಗೆ ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

"ಗೂಡು ಮಾರ್ಕಂಡ್ ಬಂದ ದಿನ ಕಣ್ ಸಿಸ್ಟ್ರೇ," ಎಂದಳು ತಾಯಮ್ಮ, ನೆಲ ನೋಡುತ್ತ. "ಎಲ್ರೂ ಒಳ್ಗೆ ಕುಂತು ಉಣ್ತಿದ್ವಿ. ಆವಯ್ಯ ಆಚೆ ಜಗಲಿ ಮ್ಯಾಲೆ ಒಬ್ನೇ. ಅತ್ತೆ ತಟ್ಟೆಯ ಹೊಸ್ಲಿಂದಾಚೀಕ್ ತಳ್ಬುಟ್ಟು ಬಂತು. ಸಾರು ಸಾಲ್ದು ಅಂತ ಕೇಳಾಕೂ ಬಾಯಿ ಬರ್ದೆ, ಒಣ ಮುದ್ದೆಯ ಮುರ್ಕಂಡ್ ಮುರ್ಕಂಡ್ ನುಂಗ್ತಾ ಕುಂತಿದ್ದ."

ನಾನು ಬೆಂಚಿನ ಮೇಲೆ ಅವಳ ಪಕ್ಕ ಕೂತೆ.

"ಪಾಪ ಅನ್ಸ್ಬುಡ್ತು ಸಿಸ್ಟ್ರೇ. ಅದೊಂದ್ ಶನಿವಾರ ರಾಗಿ ಡಬ್ಬಕ್ಕೆ ಕೈ ಹಾಕ್ನಿಲ್ಲ."